ಪೋರ್ ವ್ಲಾಸ್ತಾಳ ರೈ ಹೊಲ

ನಮ್ಮ ದ್ವೀಪದಲ್ಲಿ ಒಂದೇ ಹೆಸರಿನವರು ಬಹಳ. ಇರುವುದು ನೂರ ಅರವತ್ತು ಜನ, ಅವರಲ್ಲಿ ಹದಿನಾಲ್ಕು ಜನ ಮೀಹಾಲ್. ಹಾಗಾಗಿ ಪ್ರತಿ ಹೆಸರಿಗೂ ಅಪ್ಪನ ಹೆಸರನ್ನೋ, ಅಜ್ಜಿಯ ಹೆಸರನ್ನೋ, ಕಸುಬನ್ನೋ ಅಂಟಿಸಿ ಕರೆಯುತ್ತೇವೆ. ವ್ಲಾಸ್ತಾ ಎಂಬುವಳು ಇಡೀ ಗಾಲ್ವೆ ಕೊಲ್ಲಿಯಲ್ಲಿ ಒಬ್ಬಳೇ. ಅವಳಿಗೆ ಅಂಟುಹೆಸರು ಬೇಕಾಗಿರಲಿಲ್ಲ. ಆದರೂ ಬಂದ ಮೂರನೆಯ ವರ್ಷಕ್ಕೆ ಅವಳು ಪೋರ್ ವ್ಲಾಸ್ತಾ ಆದಳು.

ನಮ್ಮ ಐರಿಷ್ ಮಾತಿನಲ್ಲಿ ಪೋರ್ ಎಂದರೆ ಬೀಜ. ಅಂಗಡಿಯಿಂದ ತಂದ ಕಾಳಿಗೆ ಆ ಮಾತನ್ನು ಅಷ್ಟಾಗಿ ಹೇಳುವುದಿಲ್ಲ. ವರ್ಷದಿಂದ ವರ್ಷಕ್ಕೆ ಎತ್ತಿಟ್ಟು ಬಿತ್ತಿ, ಆ ನೆಲಕ್ಕೆ ಒಗ್ಗಿಹೋದ ಬೀಜ ಪೋರ್. ದನದ ತಳಿಗೂ ಹೇಳುತ್ತೇವೆ. ಸಿಟ್ಟು ಬಂದಾಗ ಮನುಷ್ಯರ ವಂಶಕ್ಕೂ ಹೇಳುತ್ತೇವೆ. ವ್ಲಾಸ್ತಾಳ ಚೆಕ್ ಮಾತಿನಲ್ಲಿ ಪೋರ್ ಎಂದರೆ ಲೀಕ್, ಈರುಳ್ಳಿ ಜಾತಿಯ, ಗಡ್ಡೆ ಕಟ್ಟದ, ಬಿಳಿ ದಂಟಿನ ತರಕಾರಿ. ಎರಡನ್ನೂ ಬರೆಯುವುದು ಒಂದೇ ಥರ, ನಡುವಿನ ಅಕ್ಷರದ ಮೇಲೆ ಒಂದೇ ಓರೆ ಗೀಟು. ಅವರ ಮಾತು ಲ್ಯಾಟಿನ್‌ನಿಂದ ಜರ್ಮನಿಯ ದಾರಿಯಾಗಿ ಬಂದದ್ದಂತೆ. ನಮ್ಮದು ಎಲ್ಲಿಂದ ಬಂತೆಂದು ನನಗೆ ಗೊತ್ತಿಲ್ಲ. ನನ್ನ ಬಳಿಯಿರುವ ನಿಘಂಟಿನಲ್ಲಿ ಅರ್ಥವಿದೆ, ಮೂಲವಿಲ್ಲ.

ಅವಳು ಬ್ರನೋ ನಗರದಲ್ಲಿ ಕೃಷಿ ಓದಿದವಳು. ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಸಾವಿರದೊಂಬೈನೂರ ತೊಂಬತ್ತಾರರ ಬೇಸಗೆಯಲ್ಲಿ, ಬೆನ್ನಿಗೊಂದು ಚೀಲ ಹಾಕಿಕೊಂಡು ಮೂರು ದಿನಕ್ಕೆಂದು ಬಂದಳು. ಎರಡನೆಯ ದಿನ ನಮ್ಮೂರಿನ ಬಾರ್ಟ್ಲಿ ಒಂದು ಮನೆಯ ಸೂರಿಗೆ ರೈ ಎಂಬ ಗೋಧಿ ಜಾತಿಯ ಧಾನ್ಯದ ಹುಲ್ಲು ಹೊದಿಸುತ್ತಿದ್ದ. ರಸ್ತೆಯಲ್ಲಿ ನಿಂತು ಅವಳು ಒಂದು ಹುಲ್ಲುಕಡ್ಡಿ ಎತ್ತಿ, ಚೀಲದಿಂದ ಅಳತೆ ಪಟ್ಟಿ ತೆಗೆದು ಅಳೆದಳು. ನೂರ ಎಪ್ಪತ್ತೆಂಟು ಸೆಂಟಿಮೀಟರ್. ನಂಬಿಕೆ ಬರದೆ ಇನ್ನೊಂದನ್ನು ಅಳೆದಳು. ಮೇಲಿನಿಂದ ಬಾರ್ಟ್ಲಿ ಕೇಳಿದನಂತೆ: "ನನ್ನನ್ನೂ ಅಳೀತೀಯಾ?" ಮುಂದಿನ ವರ್ಷ ಇಬ್ಬರಿಗೂ ಮದುವೆಯಾಯಿತು.

ಅಂಟುಹೆಸರು ಬಂದದ್ದು ಅವಳ ಅತ್ತೆ ಮ್ಯಾಗ್‌ಳಿಂದ. ಮ್ಯಾಗ್ ಎಂದರೆ ಆಗ ಊರಿಗೆಲ್ಲ ಸ್ವಲ್ಪ ಅಂಜಿಕೆ. ಒಂದು ದಿನ ಸೊಸೆ ಅಂಗಳದಲ್ಲಿ ಕುಳಿತು ಒಣಗಿದ ಹೂಗೊಂಚಲನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕರಿಯ ಬೀಜಗಳನ್ನು ಬಟ್ಟಲಿಗೆ ಹಾಕುತ್ತಿದ್ದಳು. ಮ್ಯಾಗ್ ಬಾಗಿಲಿಗೆ ಬಂದಳು.

"ಏನೇ ಅದು?"

"ಪೋರ್, ಅತ್ತೆ."

"ಪೋರ್ ಅಂತ ನಂಗೂ ಕಣ್ಣಿಗೆ ಕಾಣುತ್ತೆ. ಯಾವುದರ ಪೋರ್?"

"ಪೋರ್‌ದು."

"ಅದೇ ಕಣೇ ಕೇಳಿದ್ದು. ಯಾವುದರದು?"

"ಪೋರ್! ಪೋರ್!"

ಸೂರಿನ ಮೇಲಿದ್ದ ಬಾರ್ಟ್ಲಿ ನಕ್ಕು ನಕ್ಕು ಏಣಿ ಇಳಿದು ಬಂದು ಇಬ್ಬರಿಗೂ ಬಿಡಿಸಿ ಹೇಳಿದ. ಮ್ಯಾಗ್ ಒಂದು ಕ್ಷಣ ಯೋಚಿಸಿದಳು. "ಹಾಗಾದ್ರೆ ಬೀಜಕ್ಕೆ ನಿಮ್ಮೂರಲ್ಲಿ ಏನಂತೀರಿ?"

"ಸೆಮೆನೊ."

"ಇಷ್ಟು ಸಣ್ಣ ಕಾಳಿಗೆ ಅಷ್ಟುದ್ದದ ಹೆಸರಾ?"

ಊರು ನೆನಪಿಟ್ಟುಕೊಂಡದ್ದು ಇಷ್ಟನ್ನು. ಮ್ಯಾಗ್ ಗಮನಿಸಿದ್ದು ಬೇರೆ. ಸೊಸೆ ಹತ್ತು ಬೀಜಕ್ಕೊಂದನ್ನು ಹಲ್ಲಿನ ನಡುವೆ ಇಟ್ಟು ಕಚ್ಚುತ್ತಿದ್ದಳು. ಒಣಗಿದ ಬೀಜ ಟಕ್ಕೆನ್ನುತ್ತದೆ, ಒಣಗದ್ದು ಮೆತ್ತಗೆ ಚಪ್ಪಟೆಯಾಗುತ್ತದೆ. ಮ್ಯಾಗ್ ಕೂಡ ರೈ ಬೀಜವನ್ನು ನೋಡುತ್ತಿದ್ದದ್ದು ಹಾಗೆಯೇ. "ಬೀಜ ಕಚ್ಚೋ ಹುಡುಗಿ," ಎಂದು ನಮ್ಮಮ್ಮನ ಹತ್ತಿರ ಎರಡು ಸಲ ಹೇಳಿದ್ದಳು. ಮ್ಯಾಗ್ ಒಂದು ಮಾತನ್ನು ಎರಡು ಸಲ ಹೇಳಿದ್ದು ಅಪರೂಪ.

ನಮ್ಮ ರೈ ಬೇರೆ ಕಡೆ ಸಿಗುವುದಿಲ್ಲ. ಬಂಡೆಯ ಮೇಲೆ ಮರಳು ಮತ್ತು ಕಡಲಪಾಚಿ ಹೊತ್ತು ಹಾಕಿ ಮಾಡಿದ ಒಂದು ಗೇಣು ಮಣ್ಣಿನಲ್ಲಿ, ಅಟ್ಲಾಂಟಿಕ್ ಗಾಳಿಗೆ ಬಾಗಿ, ಮತ್ತೆ ಎದ್ದು ನಿಲ್ಲುವ ತೆಳ್ಳನೆಯ ಉದ್ದ ದಂಟು ಅದರದು. ಹುಲ್ಲು ಸೂರಿಗೆ, ಉಳಿದದ್ದು ಹಸುವಿಗೆ. ಕಾಳನ್ನು ಕಲ್ಲಿಗೆ ಬಡಿದು ಬಿಡಿಸಿ ಮುಂದಿನ ಮಾರ್ಚಿಗೆ ಇಡುತ್ತೇವೆ. ಈ ತೇವದಲ್ಲಿ ಬೀಜ ಎರಡನೆಯ ಚಳಿಗಾಲ ಕಳೆದರೆ ಮೊಳಕೆ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಹಳೆಯದನ್ನು ಕೂಡಿಡುವ ಪದ್ಧತಿಯಿಲ್ಲ. ಪ್ರತಿ ವರ್ಷ ಬಿತ್ತಬೇಕು, ಪ್ರತಿ ವರ್ಷ ಎತ್ತಬೇಕು. ಮ್ಯಾಗ್‌ಳ ಮನೆ ಬೀಜದ ಮನೆ. ಯಾರ ಬೀಜ ಕೆಟ್ಟರೂ ಅವಳಲ್ಲಿ ಸಿಗುತ್ತಿತ್ತು.

ಕಣ್ಣು ಮಂಜಾದ ಮೇಲೆ ಮ್ಯಾಗ್ ಬೀಜದ ಡಬ್ಬವನ್ನು ಸೊಸೆಯ ಕಪಾಟಿಗೆ ಸಾಗಿಸಿದಳು. ಅಲ್ಲಿ ಲೀಕ್ ಬೀಜದ ಡಬ್ಬವೂ ಇತ್ತು. ಎರಡರ ಮೇಲೂ ಪೋರ್ ಎಂದೇ ಬರೆದಿತ್ತು, ಒಂದು ಅತ್ತೆಯ ಕೈಬರಹ, ಒಂದು ಸೊಸೆಯದು. ಆ ಮನೆಯಲ್ಲಿ ಯಾರೂ ಒಂದು ದಿನವೂ ಒಂದರ ಬದಲು ಇನ್ನೊಂದನ್ನು ತೆಗೆಯಲಿಲ್ಲ.

ಇದು ಸರಿಬರದಿದ್ದವನು ಫೇಹೀನ್. ಅವನು ಮ್ಯಾಗ್‌ಳ ಗಂಡನ ತಮ್ಮನ ಮಗ, ಬಾರ್ಟ್ಲಿಗೆ ದಾಯಾದಿ. ಕಡಲೇಡಿ ಹಿಡಿಯುವ ಕಸುಬು, ಒಂಟಿ ಜೀವ, ಎರಡು ಹಸು. ಹದಿನೈದನೆಯ ವಯಸ್ಸಿನಿಂದ ಮ್ಯಾಗ್‌ಳ ಹೊಲದಲ್ಲಿ ಅವಳ ಜೊತೆ ದುಡಿದಿದ್ದ. ಬೀಜ ತನ್ನ ಕೈಗೆ ಬರುತ್ತದೆ ಎಂದುಕೊಂಡಿದ್ದ. ದೋಣಿಕಟ್ಟೆಯಲ್ಲಿ ಎಲ್ಲರೆದುರು ಹೇಳಿದ: "ನಮ್ಮ ಪೋರ್ ಅಲ್ಲದವಳ ಕೈಗೆ ನಮ್ಮ ಪೋರ್. ನಾಳೆ ಚರ್ಚಿನ ಗಂಟೆನೂ ಕೊಟ್ಬಿಡಿ, ಅದನ್ನೂ ಅವಳೇ ಹೊಡೀಲಿ."

ಬಲೆ ಇಳಿಸುತ್ತಿದ್ದ ಬಾರ್ಟ್ಲಿಯ ಪಕ್ಕದಲ್ಲೇ ವ್ಲಾಸ್ತಾ ನಿಂತಿದ್ದಳು. "ಹೊಡೀತೀನಿ, ಬರುತ್ತೆ," ಅಂದಳು. "ನಮ್ಮೂರಲ್ಲಿ ನಮ್ಮಪ್ಪನೇ ಹೊಡೀತಿದ್ದದ್ದು."

ಜನ ನಕ್ಕರು. ಫೇಹೀನ್ ನಗಲಿಲ್ಲ.

ಮ್ಯಾಗ್ ತೀರಿಕೊಂಡದ್ದು ಎರಡು ಸಾವಿರದ ಹದಿನಾರರ ಅಕ್ಟೋಬರಿನಲ್ಲಿ. ಆ ಹೊತ್ತಿಗೆ ರೈ ಬಿತ್ತುವ ಮನೆಗಳು ಎರಡೇ ಉಳಿದಿದ್ದವು: ವ್ಲಾಸ್ತಾಳದು, ಫೇಹೀನನದು. ಜನವರಿಯ ಬಿರುಗಾಳಿಯಲ್ಲಿ ಕಡಲ ನೀರು ಫೇಹೀನನ ಕೊಟ್ಟಿಗೆಗೆ ನುಗ್ಗಿ ಅವನ ಬೀಜವೆಲ್ಲ ಉಪ್ಪಾಯಿತು. ತಿಂಗಳ ಕೊನೆಯ ವಾರ, ಒಂದು ಮಧ್ಯಾಹ್ನ, ಅವನು ವ್ಲಾಸ್ತಾಳ ಬಾಗಿಲಿಗೆ ಬಂದ. ಏನು ನಡೆಯಿತೆಂದು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ. ಮಾತುಗಳಲ್ಲಿ ವ್ಯತ್ಯಾಸವಿಲ್ಲ.

"ಗಾಳಿ ತೆಂಕಣಕ್ಕೆ ತಿರುಗ್ತಾ ಇದೆ," ಎಂದ ಫೇಹೀನ್.

"ಹೌದು. ಬಾರ್ಟ್ಲಿ ಮನೇಲಿಲ್ಲ."

"ಕೆಂಪು ಹಸು ಈ ವಾರ ಈಯೋ ಹಾಗಿದೆ."

"ಒಳ್ಳೇದಾಯ್ತು." ಗಾಳಿ ಒಳಗೆ ನುಗ್ಗುತ್ತಿತ್ತು. "ಏನಾದ್ರೂ ಬೇಕಿತ್ತಾ, ಫೇಹೀನ್?"

"ನಂಗಾ? ನಂಗೇನು ಬೇಕು? ಸುಮ್ನೆ ಈ ಕಡೆ ಹೋಗ್ತಿದ್ದೆ."

"ಸರಿ ಹಾಗಾದ್ರೆ." ಬಾಗಿಲು ಮುಚ್ಚಿದಳು.

ಅದಾದ ಮೇಲೆ ಜೂನ್ ಮೊದಲ ವಾರದವರೆಗೆ ಏನೂ ಆಗಲಿಲ್ಲ. ಒಂದು ಸಂಜೆ ವ್ಲಾಸ್ತಾ ಶಾಲೆಗೆ ಬಂದಳು. ನಾನು ಅಲ್ಲಿ ವಿಜ್ಞಾನ ಕಲಿಸುತ್ತೇನೆ. ಬಂದವಳು ಕುಳಿತುಕೊಳ್ಳಲಿಲ್ಲ.

"ಮೇಷ್ಟ್ರೆ, ಲೆನ್ಸ್ ತಗೊಂಡು ಬನ್ನಿ."

ಫೇಹೀನನ ಹೊಲದ ಕಲ್ಲುಗೋಡೆಯ ಬಳಿಗೆ ಕರೆದುಕೊಂಡು ಹೋದಳು. ಒಳಗಿದ್ದದ್ದು ರೈ, ಸರಿ. ಆದರೆ ಸೊಂಟದೆತ್ತರ, ದಪ್ಪ ದಂಟು, ಎಲೆ ನೀಲಿಗೆ ತಿರುಗಿದ ಹಸಿರು, ಎಲ್ಲ ಗಿಡವೂ ಒಂದೇ ಮಟ್ಟ, ಬ್ರಷ್ಷಿನ ಕೂದಲಿನ ಹಾಗೆ. ಗಾಲ್ವೆಯಿಂದ ತಂದ ಚೀಲದ ಬೀಜ.

"ಇಲ್ಲಿಂದ ನಮ್ಮ ಹೊಲಕ್ಕೆ ಎಂಬತ್ತೆರಡು ಹೆಜ್ಜೆ," ಎಂದಳು. "ಗಾಳಿ ಯಾವ ಕಡೆಯಿಂದ ಬರುತ್ತೆ, ನಿಮಗೆ ಗೊತ್ತು."

ಗೊತ್ತಿತ್ತು. ರೈ ತನ್ನ ಪರಾಗದಿಂದ ತಾನೇ ಕಾಳು ಕಟ್ಟುವುದಿಲ್ಲ. ಗಾಳಿಯಲ್ಲಿ ಬರುವ ಬೇರೆ ಗಿಡದ ಪರಾಗ ಬೇಕು. ಬೀಜಕ್ಕೆಂದು ಬೆಳೆಯುವವರು ಎರಡು ತಳಿಗಳ ನಡುವೆ ಮುನ್ನೂರು ಮೀಟರಾದರೂ ಬಿಡುತ್ತಾರೆ. ಎಂಬತ್ತೆರಡು ಹೆಜ್ಜೆ ಎಂದರೆ ಅರವತ್ತು ಮೀಟರ್. ಈ ಬೇಸಗೆ ಹೀಗೆಯೇ ಕಳೆದರೆ ಅವಳ ಹೊಲದ ಕಾಳು ಮಿಶ್ರವಾಗುತ್ತದೆ, ಮುಂದಿನ ವರ್ಷ ಇನ್ನಷ್ಟು. ಅವಳ ಬಳಿಯಿದ್ದ ಬೀಜವೆಲ್ಲ ಮಾರ್ಚಿನಲ್ಲೇ ಮಣ್ಣಿಗೆ ಸೇರಿತ್ತು. ಆ ತಳಿ ಬೇರೆ ಯಾರ ಹೊಲದಲ್ಲೂ ಇರಲಿಲ್ಲ.

"ಸರಕಾರದ ಬೀಜಸಂಗ್ರಹದಲ್ಲಿ ಒಂದು ಪೊಟ್ಟಣ ಇರಬಹುದು," ಎಂದೆ.

"ಇದ್ರೆ ಅದು ಮೂವತ್ತು ವರ್ಷದ ಹಿಂದೆ ನಿದ್ದೆ ಹೋದ ರೈ. ಇದು ಆಮೇಲೂ ಮೂವತ್ತು ಬಿರುಗಾಳಿ ನೋಡಿದೆ. ಎರಡೂ ಒಂದೇ ಅಂತ ನೀವು ಬರೆದುಕೊಡ್ತೀರಾ?"

ಬರೆದುಕೊಡಲಾರೆ. ನನಗೆ ಬೇರೊಂದು ವಿಷಯ ಕಾಡುತ್ತಿತ್ತು. "ಅವನ ಬೀಜ ಉಪ್ಪಾದದ್ದು ಊರಿಗೆಲ್ಲ ಗೊತ್ತು. ಜನವರಿಯಲ್ಲಿ ನಿಮ್ಮನೆಗೆ ಬರಲಿಲ್ವಾ?"

"ಬಂದಿದ್ದ. ಏನೂ ಬೇಡ ಅಂದ."

"ನೀನು ಏನಂತ ಕೇಳಿದೆ?"

"ಏನಾದ್ರೂ ಬೇಕಿತ್ತಾ ಅಂತ."

ನಾನು ಗೋಡೆಯ ಮೇಲೆ ಕುಳಿತೆ.

ನಮ್ಮಲ್ಲಿ ಬೀಜವನ್ನು ಬಾಯಿಬಿಟ್ಟು ಕೇಳುವುದಿಲ್ಲ. ಫೆಬ್ರವರಿ ಒಂದಕ್ಕೆ ಸಂತ ಬ್ರೀಡ್‌ಳ ಹಬ್ಬ. ಅದಕ್ಕೆ ಮುಂಚಿನ ವಾರ, ಬೀಜವಿಲ್ಲದವನು ಬೀಜದ ಮನೆಯ ಹೊಸ್ತಿಲಾಚೆ ಬಂದು ನಿಲ್ಲುತ್ತಾನೆ. ಗಾಳಿಯ ಮಾತು, ಹಸುವಿನ ಮಾತು. ಮನೆಯವರು "ಚಹಾ ಇಟ್ಟಿದೀನಿ, ಬಾ ಒಳಗೆ" ಅನ್ನುತ್ತಾರೆ. ಅವನು ಚಹಾ ಕುಡಿಯುವಷ್ಟರಲ್ಲಿ ಒಂದು ಚೀಲ ಬಾಗಿಲ ಪಕ್ಕಕ್ಕೆ ಬಂದಿರುತ್ತದೆ. ಹೋಗುವಾಗ ತನ್ನದೇ ಚೀಲವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋಗುತ್ತಾನೆ. ಕೇಳಿದ್ದೂ ಇಲ್ಲ, ಕೊಟ್ಟದ್ದೂ ಇಲ್ಲ. ಬರಗಾಲದ ದಿನಗಳಲ್ಲಿ ಬೀಜ ಕೇಳುವುದೆಂದರೆ ಬಿತ್ತುವುದನ್ನು ತಿಂದುಬಿಟ್ಟೆ ಎಂದು ಒಪ್ಪಿಕೊಂಡ ಹಾಗೆ. ಪದ್ಧತಿ ಅಲ್ಲಿಂದ ಬಂದಿರಬೇಕು ಎಂದು ನನ್ನ ಊಹೆ. ಹಾಗೆ ಬಂದು ನಿಂತವನನ್ನು "ಏನಾದರೂ ಬೇಕಿತ್ತಾ" ಎಂದು ಕೇಳಿದರೆ ಒಂದೇ ಅರ್ಥ: ಕೊಡುವುದಿಲ್ಲ.

"ಇಪ್ಪತ್ತು ವರ್ಷ ಆ ಮನೇಲಿದ್ದೀಯ. ಅತ್ತೆ ಹೇಗೆ ಕೊಡ್ತಿದ್ರು ಅಂತ ಒಂದು ಸಲವೂ ನೋಡಲಿಲ್ವಾ?"

"ನಾನು ಹಿಂದಿನ ಕೋಣೇಲಿರ್ತಿದ್ದೆ, ಮೇಷ್ಟ್ರೆ. ಚೀಲ ತುಂಬೋಳು ನಾನೇ. ಅತ್ತೆ ಒಳಗೆ ಬಂದು 'ನಾಲ್ಕು ಕಿಲೋ' ಅಂತಿದ್ರು, ತೂಗಿ ಕೊಡ್ತಿದ್ದೆ. ಮೊದಲೇ ಮಾತಾಗಿರುತ್ತೆ ಅಂದ್ಕೊಂಡಿದ್ದೆ." ಆಮೇಲೆ ತನ್ನ ಭಾಷೆಯಲ್ಲಿ ಯೇಸುವನ್ನೂ ಮೇರಿಯನ್ನೂ ಒಟ್ಟಿಗೆ ಕರೆದಳು. "ಯೆಜಿಷ್‌ಮರಿಯಾ! ಅವನ ಮುಖಕ್ಕೇ ಬಾಗಿಲು ಹಾಕಿದೆ."

"ಹಾಕಿದೆ."

"ಹೋಗಿ ಕ್ಷಮೆ ಕೇಳ್ತೀನಿ."

"ಬೇಡ. ಬೀಜಕ್ಕೆ ಬಂದಿದ್ದೆಯಲ್ಲಾ ಅಂತ ಬಾಯಿಬಿಟ್ಟು ಹೇಳಿದ್ರೆ ಇನ್ನೂ ಕೆಡುತ್ತೆ."

ಹೇಳಿದೆ, ಅವಳು ಕೇಳಲಿಲ್ಲ. ಮರುದಿನ ಬೆಳಿಗ್ಗೆ ದೋಣಿಕಟ್ಟೆಗೆ ಹೋದಳು. ಫೇಹೀನ್ ಏಡಿಬುಟ್ಟಿ ತೊಳೆಯುತ್ತಿದ್ದ.

"ಫೇಹೀನ್, ಜನವರಿಯಲ್ಲಿ ನೀನು ಬಂದಾಗ ನಂಗೆ ಗೊತ್ತಾಗಲಿಲ್ಲ..."

"ನಾನು ಯಾವಾಗ ಬಂದಿದ್ದೆ?"

"ಬಾಗಿಲಿಗೆ. ಗಾಳಿ ತಿರುಗ್ತಿದೆ ಅಂದೆಯಲ್ಲ."

"ಗಾಳಿ ವಿಷಯ ನಾನು ದಿನಾ ಹತ್ತು ಜನಕ್ಕೆ ಹೇಳ್ತೀನಿ."

ಅವಳು ಉಸಿರೆಳೆದುಕೊಂಡು ನೇರ ವಿಷಯಕ್ಕೆ ಬಂದಳು. ಅವನ ರೈಯನ್ನು ಹೂಬಿಡುವ ಮುಂಚೆ ಹಸಿರಾಗಿಯೇ ಕೊಯ್ದುಬಿಟ್ಟರೆ ಪರಾಗ ಹಾರುವುದಿಲ್ಲ. ಚಳಿಗಾಲಕ್ಕೆ ತನ್ನ ಹೊಲದ ಹುಲ್ಲಿನಲ್ಲಿ ಅರ್ಧ ಕೊಡುತ್ತೇನೆ ಎಂದಳು.

"ಕೊಯ್ಯಬೇಕಾ? ಅರ್ಧ ಹುಲ್ಲು ಎರಡು ಹಸುಗೆ ಎಷ್ಟು ದಿನ? ಆಮೇಲೆ ಏನು ಹಾಕ್ಲಿ, ನಿನ್ನ ಲೀಕಾ?" ಬುಟ್ಟಿಯನ್ನು ನೀರಿಗೆ ಅದ್ದಿದ. "ಬೀಜ ನಿನ್ನ ಹತ್ರ ಇದೆ. ಕಾಪಾಡೋದೂ ನೀನೇ."

ಅವನ ಮಾತು ತಪ್ಪಲ್ಲ ಎಂದು ಅವಳೇ ನನಗೆ ಹೇಳಿದಳು. ಹೇಳಿ, ಶಾಲೆಯ ಹಲಗೆಯ ಮೇಲೆ ಒಂದು ಆಯತ ಬರೆದಳು. ಐದು ಮೀಟರ್ ಉದ್ದ, ಮೂರು ಮೀಟರ್ ಅಗಲ, ಎರಡೂಕಾಲು ಮೀಟರ್ ಎತ್ತರ. ಇಡೀ ಹೊಲವನ್ನು ಕಾಪಾಡಲಾಗದು, ಹದಿನೈದು ಚದರ ಮೀಟರನ್ನು ಬಟ್ಟೆಯಲ್ಲಿ ಮುಚ್ಚಬಹುದು. ಒತ್ತಾಗಿ ನೇಯ್ದ ಹತ್ತಿಬಟ್ಟೆ ಬೇಕು. ಜಾಳಾದರೆ ಪರಾಗ ತೂರುತ್ತದೆ. ಒಳಗಿನ ಗಿಡಗಳು ತಮ್ಮತಮ್ಮೊಳಗೇ ಪರಾಗ ಹಂಚಿಕೊಂಡರೆ ಶುದ್ಧವಾದ ಕಾಳು ಒಂದು ಕಿಲೋ ಸಿಗಬಹುದು. ಒಂದು ಕಿಲೋ ಇದ್ದರೆ ಮೂರು ವರ್ಷದಲ್ಲಿ ಹೊಲ ತುಂಬುತ್ತದೆ.

ಊರಿನ ಮನೆಗಳಿಂದ ಹಾಸಿಗೆಯ ಮೇಲುಹಾಸು ಕೇಳಿ ತಂದಳು, ಒಟ್ಟು ಇಪ್ಪತ್ತಾರು. ಒಂದರ ಮೇಲೆ ಗುಲಾಬಿ ಹೂಗಳಿದ್ದವು, ಇನ್ನೊಂದರ ಮೇಲೆ ಯಾವುದೋ ಕಾಲ್ಚೆಂಡು ತಂಡದ ಗುರುತು. ಬಾರ್ಟ್ಲಿ ಏಣಿಗಳನ್ನೂ ಹಳೆಯ ಹುಟ್ಟುಗಳನ್ನೂ ಕಂಬ ಮಾಡಿ ನಿಲ್ಲಿಸಿದ. ಹೊಲಿಗೆಯನ್ನು ಅವಳು ಎರಡು ಸಾಲು ಹಾಕಿದಳು.

ಫೇಹೀನನ ರೈ ವ್ಲಾಸ್ತಾಳದಕ್ಕಿಂತ ನಾಲ್ಕು ದಿನ ಮೊದಲೇ ಹೂಬಿಟ್ಟಿತು. ಬಟ್ಟೆ ಪರಾಗವನ್ನು ತಡೆಯುತ್ತದೆಯೇ ಎಂದು ಪರೀಕ್ಷೆ ಮಾಡಲು ನಮಗೆ ಸಿಕ್ಕ ಕಾಲ ಅಷ್ಟೇ. ಗಾಜಿನ ತುಂಡಿಗೆ ವ್ಯಾಸಲಿನ್ ಸವರಿ ಒಂದನ್ನು ಡೇರೆಯ ಹೊರಗೆ, ಒಂದನ್ನು ಒಳಗೆ ಇಟ್ಟೆವು. ಒಂದು ಹಗಲು, ಒಂದು ರಾತ್ರಿ ಕಳೆದ ಮೇಲೆ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಎಣಿಸಿದೆ. ಕಾಡುಹುಲ್ಲಿನ ಪರಾಗ ಸಣ್ಣದು, ದುಂಡಗೆ. ರೈಯದು ದೊಡ್ಡದು, ಮೊಟ್ಟೆಯಾಕಾರ. ದೊಡ್ಡದನ್ನಷ್ಟೇ ಲೆಕ್ಕ ಹಿಡಿದೆ. ಹೊರಗೆ, ಒಂದು ಚದರ ಸೆಂಟಿಮೀಟರಿಗೆ ಇನ್ನೂರ ಹನ್ನೆರಡು. ಒಳಗೆ ಮೂವತ್ತೊಂದು.

"ಮೂವತ್ತೊಂದು ಬಹಳ ಆಯ್ತು," ಎಂದಳು ವ್ಲಾಸ್ತಾ. ಬಟ್ಟೆಯ ಕೆಳಗಿನ ಅಂಚು ಗಾಳಿಗೆ ಏಳುತ್ತಿತ್ತು. ನಾನು ಗೂಟ ಹೊಡೆದು ಕಟ್ಟಿದೆ. ಆ ಮಣ್ಣು ಒಂದೇ ಗೇಣು, ಕೆಳಗೆ ಬಂಡೆ. ಗೂಟ ಎಷ್ಟು ಹಿಡಿದೀತು? ಮರುದಿನ ಬೆಳಗಿನ ಗಾಳಿಗೆ ಒಂದು ಬದಿ ಪೂರ್ತಿ ಕಿತ್ತು, ಗುಲಾಬಿಯ ಹಾಸು ಪಟಪಟನೆ ಬಡಿದುಕೊಳ್ಳುತ್ತಿತ್ತು. ನಾವಿಬ್ಬರೂ ಅದನ್ನು ಹಿಡಿಯಲು ಓಡಾಡುತ್ತಿದ್ದಾಗ ಗೋಡೆಯಾಚೆಯಿಂದ ದನಿ ಬಂತು.

"ಹಾಸಿಗೆ ಒಣಹಾಕೋಕೆ ಬೇರೆ ಜಾಗ ಸಿಗಲಿಲ್ವಾ?"

ಫೇಹೀನ್. ಅವನು ಒಂದು ಕಾಲು ಗೋಡೆಯೀಚೆ ಹಾಕಿದ.

"ಈ ಗಂಟು ಯಾರು ಹಾಕಿದ್ದು? ಮೇಷ್ಟ್ರಾ?"

"ನಾನೇ," ಎಂದೆ.

"ನೋಡಿದ್ರೇ ಗೊತ್ತಾಗುತ್ತೆ. ಪುಸ್ತಕದ ಗಂಟು." ಇನ್ನೊಂದು ಕಾಲೂ ಈಚೆ ಬಂತು. "ಗೂಟ ಹೊಡೆದಿದ್ದಾರಂತೆ ಗೂಟ! ನಿಮ್ಮನೆ ಸೂರನ್ನ ಗೂಟಕ್ಕೆ ಕಟ್ಟಿದೀರಾ? ಸೂರು ಕಟ್ಟೋ ಹಾಗೆ ಕಟ್ಟಬೇಕು ಅಂತ ಆ ಬಾರ್ಟ್ಲಿಗಾದ್ರೂ ಬುದ್ಧಿ ಬೇಡ್ವಾ?"

ಹೋದವನು ಅರ್ಧ ಗಂಟೆಯಲ್ಲಿ ಏಡಿಬುಟ್ಟಿಯ ಹಗ್ಗದ ಸುರುಳಿಗಳೊಂದಿಗೆ ಬಂದ. ಡೇರೆಯ ಮೇಲೆ ಆರು ಹಗ್ಗ ಅಡ್ಡ, ನಾಲ್ಕು ಹಗ್ಗ ಉದ್ದ ಹಾಯಿಸಿ, ಪ್ರತಿಯೊಂದರ ತುದಿಗೂ ಒಂದೊಂದು ದೊಡ್ಡ ಕಲ್ಲು ತೂಗುಬಿಟ್ಟ. ಬಟ್ಟೆಯ ಅಂಚನ್ನು ಒಳಮಡಿಚಿ ಅದರ ಮೇಲೆ ಮರಳು ಸುರಿದ. ಎರಡು ಗಂಟೆಯ ಕೆಲಸದಲ್ಲಿ ವ್ಲಾಸ್ತಾಳ ಕಡೆ ಒಮ್ಮೆಯೂ ನೋಡಲಿಲ್ಲ. ತನ್ನ ರೈಯನ್ನು ಕೊಯ್ಯುವ ಮಾತನ್ನೂ ಆಡಲಿಲ್ಲ.

ಆ ರಾತ್ರಿ ಕಳೆದ ಮೇಲೆ ಗಾಜು ನೋಡಿದೆ. ಹೊರಗೆ ನೂರ ತೊಂಬತ್ತು. ಒಳಗೆ ನಾಲ್ಕು.

ಶಾಲೆಯ ಬಾಗಿಲಲ್ಲಿ ಫೇಹೀನ್ ನಿಂತಿದ್ದ. "ಗಾಳಿ ಸ್ವಲ್ಪ ಇಳೀತು," ಎಂದ.

"ಬಾ ಒಳಗೆ," ಎಂದೆ. ಸೂಕ್ಷ್ಮದರ್ಶಕದಿಂದ ಎದ್ದು ಜಾಗ ಬಿಟ್ಟೆ. ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

"ಈ ಮೊಟ್ಟೆ ಥರದ್ದು ಏನು?"

"ರೈ ಪರಾಗ. ಹೊರಗಿನ ಗಾಜಿನದು."

"ಅಂದ್ರೆ ನಂದು."

"ನಿಂದೇ. ಅವಳದು ಇನ್ನೂ ಬಿಟ್ಟಿಲ್ಲ."

"ಅವಳದು ಬಿಟ್ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ರೆ ಯಾವುದು ಯಾರದು ಅಂತ ಕಾಣುತ್ತಾ?"

"ಇಲ್ಲ. ಎರಡೂ ಹೀಗೇ ಇರುತ್ತೆ."

ಅವನು ಮತ್ತೆ ಬಗ್ಗಿ ನೋಡಿದ. "ಇಷ್ಟು ದುಡ್ಡಿನ ಯಂತ್ರ," ಎಂದ, "ಅಷ್ಟೂ ಹೇಳಲ್ವಾ?"

ಹೂವು ಬಿಟ್ಟ ಹತ್ತು ದಿನ ಇನ್ನೊಂದು ಕೆಲಸವಿತ್ತು. ಡೇರೆಯೊಳಗೆ ಗಾಳಿಯಾಡದು, ಪರಾಗ ತೆನೆಯಿಂದ ತೆನೆಗೆ ಹೋಗಬೇಕಾದರೆ ಯಾರಾದರೂ ಅಲುಗಿಸಬೇಕು. ರೈ ಹೂ ತೆರೆಯುವುದು ಬೆಳಿಗ್ಗೆ. ಇಬ್ಬರು ಎರಡು ಬದಿಯಲ್ಲಿ ನಿಂತು ತೆನೆಗಳ ಮೇಲೆ ಒಂದು ಹಗ್ಗವನ್ನು ಮೆಲ್ಲಗೆ ಎಳೆದುಕೊಂಡು ಹೋಗುತ್ತಿದ್ದೆವು. ಹಳದಿ ಹೊಗೆಯಂತೆ ಪರಾಗ ಏಳುತ್ತಿತ್ತು. ನನಗೆ ಪರೀಕ್ಷೆಯ ಮೇಲ್ವಿಚಾರಣೆ ಇದ್ದ ದಿನಗಳಲ್ಲಿ ಬಾರ್ಟ್ಲಿ ಹಗ್ಗದ ಆ ತುದಿ ಹಿಡಿಯುತ್ತಿದ್ದ. ಆರನೆಯ ದಿನ ಬಾರ್ಟ್ಲಿಗೆ ಸೀನು ಹತ್ತಿ ಕಣ್ಣು ಊದಿಕೊಂಡಿತು. ಅಂದು ಕಡಲು ಒರಟಾಗಿತ್ತು, ದೋಣಿಗಳು ಹೋಗಿರಲಿಲ್ಲ. ಬೆಳಗಿನ ಬಿಡುವಿನಲ್ಲಿ ನಾನು ಶಾಲೆಯಿಂದ ಬಂದಾಗ ಡೇರೆಯೊಳಗೆ ಎರಡು ದನಿ.

"ಮೆಲ್ಲಗೆ, ಫೇಹೀನ್. ಏಡಿಬುಟ್ಟಿ ಎಳೆದ ಹಾಗೆ ಎಳೀಬೇಡ."

"ನಿಮ್ಮತ್ತೆ ಜೊತೆ ಈ ಹೊಲ ಕೊಯ್ಯುವಾಗ ನೀನಿನ್ನೂ ನಿಮ್ಮೂರಲ್ಲಿ ಲೀಕ್ ಸೂಪ್ ಕುಡೀತಿದ್ದೆ."

"ಕುಡೀತಿದ್ದೆ. ಇವತ್ತೂ ಮಾಡಿದೀನಿ. ಕುಡಿದು ಹೋಗು."

ಅವನು ಏನೆಂದನೋ ಕೇಳಿಸಲಿಲ್ಲ. ಆ ಸಂಜೆ ಅವನ ಹೊಲದ ರೈ ಹಾಗೆಯೇ ನಿಂತಿತ್ತು, ಆಗಸ್ಟಿನವರೆಗೂ ನಿಂತಿತ್ತು, ಹಣ್ಣಾದ ಮೇಲೆಯೇ ಕೊಯ್ದ.

ಡೇರೆಯ ಹದಿನೈದು ಚದರ ಮೀಟರಿನಿಂದ ಸಿಕ್ಕ ಕಾಳು ಒಂದು ಕಿಲೋ ಅರವತ್ತು ಗ್ರಾಂ. ಹೊಲದ ಉಳಿದ ಕಾಳನ್ನು ವ್ಲಾಸ್ತಾ ಒಂದೂ ಬಿಡದೆ ಕೋಳಿಗೆ ಹಾಕಿದಳು. ಹುಲ್ಲು ಸೂರಿಗೆ ಹೋಯಿತು. ಹುಲ್ಲಿಗೆ ಪರಾಗದ ಹಂಗಿಲ್ಲ.

ಆದರೆ ಡೇರೆ ನಿಜವಾಗಿ ಕೆಲಸ ಮಾಡಿತೋ ಇಲ್ಲವೋ ಎಂದು ಆ ಕಾಳು ನೋಡಿ ಹೇಳುವ ಹಾಗಿರಲಿಲ್ಲ. ಬಿತ್ತಿ, ಗಿಡ ಎದ್ದು ನಿಂತ ಮೇಲೆಯೇ ತಿಳಿಯಬೇಕು. ಎರಡು ಸಾವಿರದ ಹದಿನೆಂಟರ ಮಾರ್ಚಿನಲ್ಲಿ ಅವಳು ಅದನ್ನು ಎರಚದೆ ಸಾಲಿನಲ್ಲಿ, ಎಣಿಸಲು ಬರುವ ಹಾಗೆ ಊರಿದಳು. ಆ ವರ್ಷ ಫೇಹೀನ್ ತನ್ನ ಹೊಲಕ್ಕೆ ಆಲೂಗಡ್ಡೆ ಹಾಕಿದ. ಯಾಕೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜೂನ್‌ನಲ್ಲಿ, ತೆನೆ ಹೊರಬಿದ್ದು ಹೂ ತೆರೆಯುವ ಮುಂಚೆ, ನಾವು ಎಣಿಸಲು ಕುಳಿತೆವು. ಮಿಶ್ರ ಗಿಡವಿದ್ದರೆ ಹೂಬಿಡುವ ಮೊದಲು ಕೀಳಬೇಕು. ವ್ಲಾಸ್ತಾ ದಪ್ಪ ಅಳೆಯುವ ವರ್ನಿಯರ್ ಮಾಪಕ ಹಿಡಿದು ಒಂದೊಂದೇ ದಂಟಿನ ದಪ್ಪ ಅಳೆದು ಬರೆಯುತ್ತಿದ್ದಳು. ಎರಡು ದಿನದಲ್ಲಿ ಮೂರು ಸಾಲು ಮುಗಿದವು. ಇನ್ನೂ ಐವತ್ತೆಂಟು ಸಾಲು ಇದ್ದವು. ಹೂಬಿಡಲು ಆರು ದಿನ. ಲೆಕ್ಕ ಸರಿಹೋಗುತ್ತಿರಲಿಲ್ಲ. ಅವಳಿಗೂ ಗೊತ್ತಿತ್ತು, ಆದರೂ ಅಳೆಯುತ್ತಲೇ ಇದ್ದಳು.

ಮೂರನೆಯ ದಿನ ಫೇಹೀನ್ ಗೋಡೆ ಹಾರಿ ಬಂದ. ಯಾರನ್ನೂ ಕೇಳದೆ ಮೊದಲ ಸಾಲಿಗಿಳಿದ. ಬಗ್ಗಲಿಲ್ಲ, ಎರಡೂ ಕೈ ಚಾಚಿ, ಬೆರಳುಗಳನ್ನು ದಂಟುಗಳ ನಡುವೆ ಹಾಯಿಸುತ್ತ, ನೀರಿನಲ್ಲಿ ನಡೆಯುವವನ ಹಾಗೆ ನಡೆದ. ನಾಲ್ಕನೆಯ ಸಾಲಿನಲ್ಲಿ ನಿಂತ.

"ಇದು ನಮ್ಮದಲ್ಲ." ಕಿತ್ತು ಗೋಡೆಯ ಮೇಲಿಟ್ಟ.

"ಹೇಗೆ ಗೊತ್ತಾಯ್ತು?" ಎಂದು ಕೇಳಿದೆ.

"ಹೇಗೆ ಅಂದ್ರೆ? ನಿಮ್ಮ ಮಗ್ಗುಲಲ್ಲಿ ಬೇರೆಯವರು ಬಂದು ಮಲಗಿದ್ರೆ ದೀಪ ಹಚ್ಚಿ ನೋಡ್ತೀರಾ, ಮೇಷ್ಟ್ರೆ?"

ವ್ಲಾಸ್ತಾ ನಕ್ಕಳು. ನಗುತ್ತಲೇ ಎದ್ದು ಹೋಗಿ ಕಿತ್ತ ಗಿಡವನ್ನು ಅಳೆದಳು. ಅವಳು ಅದುವರೆಗೆ ಅಳೆದ ಎಲ್ಲದಕ್ಕಿಂತ ಅದು ದಪ್ಪಗಿತ್ತು. ಅಲ್ಲಿಂದ ಮುಂದೆ ಅವಳು ನಿಂತ ಗಿಡಗಳನ್ನು ಅಳೆಯಲಿಲ್ಲ. ಅವನು ಕೀಳುತ್ತಿದ್ದ, ಅವಳು ಕಿತ್ತದ್ದನ್ನಷ್ಟೇ ಅಳೆದು ಬರೆಯುತ್ತಿದ್ದಳು. ಒಂದೂವರೆ ದಿನದಲ್ಲಿ ಹೊಲ ಮುಗಿಯಿತು. ಒಟ್ಟು ಮೂವತ್ತೇಳು ಗಿಡ.

ಕೊನೆಯ ಗಿಡ ಕಿತ್ತಿಟ್ಟು ಫೇಹೀನ್ ದೋಣಿಗೆ ಹೋದ. ನಾವು ಗೋಡೆಯ ಮೇಲೆ ಕುಳಿತು ಪಟ್ಟಿ ನೋಡಿದೆವು. ಮೂವತ್ತಾರು ಗಿಡಗಳು ದಪ್ಪ, ಸಂಶಯವಿಲ್ಲ. ಮೂವತ್ತೇಳನೆಯದರ ಅಳತೆ ಮಾತ್ರ ಉಳಿದ ಹೊಲದ ಗಿಡಗಳಷ್ಟೇ ಇತ್ತು. ಅವಳು ಮೂರು ಸಲ ಅಳೆದಳು, ಮೂರು ಸಲವೂ ಅಷ್ಟೇ. ಎಲೆಯ ಅಗಲ, ಬಣ್ಣ, ತೆನೆ, ಎಲ್ಲ ನಮ್ಮ ರೈಯದೇ.

"ಇದು ನಿಮ್ಮದೇ ಇರಬೇಕು," ಎಂದೆ. "ಬೇರಲ್ಲಿ ಮಣ್ಣಿದೆ. ಈಗಲೇ ನೆಟ್ಟು ನೀರು ಹಾಕಿದ್ರೆ ಬದುಕೀತು."

ಅವಳು ಗಿಡವನ್ನು ಬೆರಳಲ್ಲಿ ತಿರುಗಿಸಿದಳು. "ಬದುಕೀತು. ನಾಳೆ ಅವನು ಬಂದು ನೋಡ್ತಾನೆ, ಆ ಜಾಗದಲ್ಲಿ ಗಿಡ ಇರುತ್ತೆ."

"ಹಾಗಾದ್ರೆ ತಪ್ಪು ಅಂತ ಗೊತ್ತಿದ್ದೂ ಬಿಡೋದಾ?"

"ಒಂದು ಗಿಡ, ಮೇಷ್ಟ್ರೆ. ಈ ಹೊಲದಲ್ಲಿ ಹತ್ತಾರು ಸಾವಿರ ಇದೆ. ಕೀಳೋ ಕೈ ಒಂದೇ."

ಅವಳು ಪಟ್ಟಿಯಲ್ಲಿ ಮೂವತ್ತೇಳು ಎಂದು ಬರೆದು, ಪಕ್ಕದಲ್ಲಿ ಅಳತೆಯನ್ನೂ ಇದ್ದದ್ದು ಇದ್ದ ಹಾಗೆ ಬರೆದು, ಗಿಡಗಳನ್ನೆಲ್ಲ ಒಟ್ಟು ಮಾಡಿ ಫೇಹೀನನ ಕೆಂಪು ಹಸುವಿಗೆ ಹಾಕಲು ಎತ್ತಿಕೊಂಡಳು.

ಐದು ದಿನದ ಮೇಲೆ ಬೆಳಿಗ್ಗೆ ಹೊಲ ಹೂಬಿಟ್ಟಿತು. ಆ ವರ್ಷ ಬಟ್ಟೆ ಕಟ್ಟಲಿಲ್ಲ. ಕಡಲ ಕಡೆಯಿಂದ ಗಾಳಿ ಬೀಸಿ ಹಳದಿ ಪರಾಗವನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ತನಗೆ ಬೇಕಾದಂತೆ ಒಯ್ಯುತ್ತಿತ್ತು.